ಮಂಗಟ್ಟೆಯ ಗೂಡು ತಿದ್ದಿದ ಗುತ್ಯಮ್ಮ

ಬೆಳಗಿನ ಆರು ಗಂಟೆ. ಹೊಸನಗರದ ವನ್ಯಪ್ರಾಣಿ ಸಂಗ್ರಹಾಲಯದ ಕಿಟಕಿಗಳನ್ನು ಗುತ್ಯಮ್ಮ ಒಂದೊಂದಾಗಿ ತೆರೆಯುತ್ತಾರೆ. ಮಳೆಗಾಲದ ತೇವಕ್ಕೆ, ಹುಲ್ಲು ತುಂಬಿ ನಿಲ್ಲಿಸಿದ ಸತ್ತ ಕಡವೆಯ ಕಿವಿಗೆ ಬೂಷ್ಟು ಹಿಡಿದಿದೆ. ಒಣಬಟ್ಟೆಯ ತುದಿಯಿಂದ ಅದನ್ನು ಮೆಲ್ಲಗೆ ಒರೆಸುತ್ತಾರೆ. ಒಟ್ಟು ಮೂವತ್ತೆಂಟು ಗಾಜಿನ ಪೆಟ್ಟಿಗೆಗಳು. ಶಾಲೆಯ ಮಕ್ಕಳು ಬರುವುದರೊಳಗೆ ಎಲ್ಲವೂ ಫಳಫಳ ಹೊಳೆಯಬೇಕು.

ಗುತ್ಯಮ್ಮನ ಊರು ಶರಾವತಿಯ ಹಿನ್ನೀರಿನಲ್ಲಿ ಮುಳುಗಿದೆ. "ನೀರು ಏರ್ತಾ ಇದ್ದಾಗ ಕಡವೆಗಳು ಈಜ್ಕಂಡು ಗುಡ್ಡ ಹತ್ತಿದ್ದು ನೋಡೀನಿ. ನಾವೂ ಹಂಗೇ ಹತ್ತಿದ್ದು" ಎನ್ನುತ್ತಾರೆ. ಗಂಡ ಭೂತಪ್ಪ ಮರದಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ, 1974ರಲ್ಲಿ ಇಲ್ಲಿ ಕಸ ಗುಡಿಸುವ ಕೆಲಸಕ್ಕೆ ಸೇರಿದರು.

ಸೇರಿದ ಎರಡನೇ ವಾರವೇ ದೊಡ್ಡ ಬಾಗಿದ ಕೊಕ್ಕಿನ ಮಂಗಟ್ಟೆ ಹಕ್ಕಿಯ ಪೆಟ್ಟಿಗೆ ಅವರ ಕಣ್ಣಿಗೆ ಚುಚ್ಚಿತು. ಹೆಣ್ಣುಹಕ್ಕಿಯನ್ನು ಗೂಡಿನ ಹೊರಗೆ ಕೂರಿಸಿದ್ದರು. "ಅಯ್ಯಾ, ಇದು ಹಿಂಗಲ್ಲ. ಮರಿ ಮಾಡೋ ಕಾಲಕ್ಕೆ ಹೆಣ್ಣು ಪೊಟರೆಯೊಳಗೆ ಕೂತು ಬಾಗ್ಲು ಮೆತ್ಕಂತದೆ. ಸಣ್ಣ ಸೀಳಿನಲ್ಲಿ ಗಂಡು ಹಣ್ಣು ಕೊಡ್ತದೆ" ಎಂದು ಮೇಲ್ವಿಚಾರಕ ಹೇರಂಬಯ್ಯನವರಿಗೆ ಹೇಳಿದರು. "ಪೇಟೆಯಿಂದ ತಿಳಿದವರು ಬಂದು ಕೂರಿಸಿದ್ದು. ನೀನು ಕಸ ಗುಡಿಸು" ಎಂಬ ಉತ್ತರ ಬಂತು. ಗುತ್ಯಮ್ಮ ಕಸ ಗುಡಿಸಿದರು.

1978ರ ಮಾರ್ಚಿನ ಒಂದು ಬೆಳಿಗ್ಗೆ ಹುಂಚದ ಕಡೆಯ ಕನ್ನಪ್ಪ ಎಂಬ ರೈತ ಬುಟ್ಟಿಯೊಂದನ್ನು ಹೊತ್ತು ತಂದ. ಬಲೆಗೆ ಸಿಕ್ಕಿದ ಗಂಡು ಮಂಗಟ್ಟೆ, ಜೀವಂತ. ಅರಣ್ಯ ಇಲಾಖೆಗೆ ಪತ್ರ ಬರೆಯುತ್ತೇನೆ, ಉತ್ತರ ಬರುವವರೆಗೆ ಹಕ್ಕಿ ಇಲ್ಲೇ ಇರಲಿ ಎಂದರು ಹೇರಂಬಯ್ಯ.

"ಉತ್ತರ ಬರೋಕೆ ಎಷ್ಟು ದಿನ ಅಯ್ಯಾ?"

"ಎಂಟು ದಿನ ಆದೀತು."

"ಇದು ಮರಿ ಮಾಡೋ ಕಾಲ. ಇದರ ಹೆಂಡ್ತಿ, ಮರಿ ಒಳಗೆ ಕೂತಿರ್ತಾವೆ. ಎಂಟು ದಿನ ಅವಕ್ಕೆ ತುತ್ತು ಕೊಡೋರ್ಯಾರು? ನನ್ನ ಕೆಲಸ ಹೋದ್ರೂ ಸೈ, ಇದನ್ನ ಬಿಡಿಸ್ಬೇಕು." ಬುಟ್ಟಿಯ ಮುಂದೆ ಗುತ್ಯಮ್ಮ ಕೂತೇಬಿಟ್ಟರು.

ಹೇರಂಬಯ್ಯ ಚಪ್ಪಲಿ ಮೆಟ್ಟಿಕೊಂಡರು. ಮೂವರೂ ಹುಂಚದ ಬಸ್ಸು ಹತ್ತಿದರು. ಬಲೆ ಕಟ್ಟಿದ್ದ ಜಾಗದಲ್ಲೇ ಬುಟ್ಟಿ ಬಿಚ್ಚಿದಾಗ ಹಕ್ಕಿ ಎತ್ತರದ ಮರವೊಂದಕ್ಕೆ ಹಾರಿತು. ಗುತ್ಯಮ್ಮ ಅದರ ಬುಡದಲ್ಲಿ ಹಕ್ಕಿ ತಿಂದುಗುಳಿದ ಹಣ್ಣಿನ ಬೀಜಗಳನ್ನು ತೋರಿಸಿ, ಗೂಡು ಇಲ್ಲೇ ಎಂದರು. ದೂರ ಕೂತು ಕಾದರು. ಮಧ್ಯಾಹ್ನದ ಹೊತ್ತಿಗೆ ಗಂಡುಹಕ್ಕಿ ಹಣ್ಣು ಕಚ್ಚಿಕೊಂಡು ಪೊಟರೆಗೆ ಬಂತು. ಸೀಳಿನೊಳಗಿಂದ ಕೊಕ್ಕೊಂದು ಹೊರಬಂದು ಹಣ್ಣನ್ನು ಕಿತ್ತುಕೊಂಡಿತು. ಕನ್ನಪ್ಪ ಕೈಮುಗಿದ.

ಮರುವಾರವೇ ಸಂಗ್ರಹಾಲಯದ ಪೆಟ್ಟಿಗೆಯೊಳಗಿನ ಗೂಡು ಬದಲಾಯಿತು; ಹೆಣ್ಣುಹಕ್ಕಿ ಪೊಟರೆಯೊಳಗೆ ಸೇರಿತು. "ಮಕ್ಕಳಿಗೆ ಇನ್ನು ನೀವೇ ಹೇಳಿ" ಎಂದರು ಹೇರಂಬಯ್ಯ. ಅವರು ಗುತ್ಯಮ್ಮನನ್ನು ಬಹುವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು.

ಅಂದಿನಿಂದ ಈ 1986ರವರೆಗೆ, ಎಂಟು ವರ್ಷಗಳಿಂದ ಸಾಗರ, ತೀರ್ಥಹಳ್ಳಿ, ಕೋಣಂದೂರಿನ ಮಕ್ಕಳಿಗೆ ಕಾಡಿನ ಕಥೆ ಹೇಳುವುದು ಗುತ್ಯಮ್ಮನೇ. ಕೆಲವು ದಿನ ಇನ್ನೂರು ಮಕ್ಕಳು ಬಂದರೆ ಹೇಳಿ ಹೇಳಿ ದನಿ ಒಡೆಯುತ್ತದೆ. ಕಾಗದದಲ್ಲಿ ಅವರ ಹುದ್ದೆ ಈಗಲೂ ಕಸ ಗುಡಿಸುವುದೇ. ಬೇಸರವಿಲ್ಲವೇ ಎಂದರೆ ನಗುತ್ತಾರೆ.

"ಮೊನ್ನೆ ಒಂದು ಹುಡುಗಿ ನನ್ನನ್ನ ಟೀಚರ್ ಅಂತ ಕರೀತು ಮಾರಾಯ್ರೆ. ನಾನು ಅಲ್ಲ ಅನ್ಲಿಲ್ಲ."