ತೀನ್ ಕಂದೀಲ್ ಹತ್ರ ನಿಂದ್ರು

ಇಂಥ ಸಂಗತಿಗಳನ್ನು ನಾನು ನಂಬುತ್ತಿರಲಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮಾನ್ವಿಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು ನಾನು. ಸ್ಟಾಫ್ ರೂಮಿನಲ್ಲಿ ಯಾರಾದರೂ ಕನಸಿನಲ್ಲಿ ಕಂಡದ್ದು ನಿಜವಾಯಿತೆಂದೋ, ಸತ್ತವರ ದನಿ ಕೇಳಿತೆಂದೋ ಶುರು ಮಾಡಿದರೆ, ಆಗ ಎಷ್ಟು ಗಂಟೆ, ಪಕ್ಕದಲ್ಲಿ ಯಾರಿದ್ದರು, ರಾತ್ರಿ ಏನು ಉಂಡಿದ್ದಿರಿ ಎಂದೆಲ್ಲ ಕೇಳಿ ಅವರ ಉತ್ಸಾಹಕ್ಕೆ ತಣ್ಣೀರೆರಚುತ್ತಿದ್ದೆ. ಈಗ ನೀವು ನನ್ನನ್ನೂ ಹಾಗೆಯೇ ಕೇಳಬಹುದು. ಬೇಸರ ಮಾಡಿಕೊಳ್ಳುವುದಿಲ್ಲ.

ಮೊದಲು ತೀನ್ ಕಂದೀಲಿನ ವಿಷಯ ಹೇಳಬೇಕು. ಅದು ರಾಯಚೂರಿನ ಪೇಟೆಯೊಳಗಿನ ಒಂದು ಸರ್ಕಲ್ಲು. ಹಿಂದೆ ಅಲ್ಲಿ ಮೂರು ಕಂದೀಲು ಉರಿಯುತ್ತಿದ್ದವಂತೆ, ನಾನಂತೂ ಉರಿದದ್ದನ್ನು ಕಂಡಿಲ್ಲ. ನಮ್ಮವ್ವ ದೇವದುರ್ಗದಿಂದ ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆಯ ಜೊತೆ ಪೇಟೆಗೆ ಹೋಗಿ ಗದ್ದಲದಲ್ಲಿ ತಪ್ಪಿಸಿಕೊಂಡಳು. ಓಣಿಯ ಹೆಸರು ಗೊತ್ತಿಲ್ಲ, ಗಂಡನ ಹೆಸರು ಬಾಯಿಬಿಟ್ಟು ಹೇಳುವಂತಿಲ್ಲ. ಹೇಗೋ ಸಿಕ್ಕಳು. ಅಂದು ನಮ್ಮಜ್ಜಿ ಒಂದು ಕಾಯಿದೆ ಮಾಡಿದಳು: "ತಪ್ಪಿಸಿಕೊಂಡ್ರ ಅತ್ಲಾಗ ಇತ್ಲಾಗ ತಿರುಗಬ್ಯಾಡ. ತೀನ್ ಕಂದೀಲ್ ಹತ್ರ ಹೋಗಿ ನಿಂದ್ರು. ಯಾರರ ಬರ್ತೀವಿ."

ನಾವು ಮಕ್ಕಳು ಬೆಳೆದದ್ದೂ ಅದೇ ಕಾಯಿದೆಯಲ್ಲಿ. ಮನೆಯಿಂದ ಹೊರಟು ಹಿಟ್ಟಿನ ಗಿರಣಿಯ ಹತ್ತಿರ ಎಡಕ್ಕೆ, ದರ್ಜಿ ಅಂಗಡಿಯ ಹತ್ತಿರ ಬಲಕ್ಕೆ, ಆಮೇಲೆ ಒಂದು ಸಣ್ಣ ಏರು. ಈಗಲೂ ಕಣ್ಣು ಮುಚ್ಚಿಕೊಂಡು ಹೋಗಬಲ್ಲೆ.

ಕೆಲವು ವರ್ಷಗಳ ಹಿಂದೆ ನಾವು ನಾಲ್ವರು ಇಸ್ತಾಂಬುಲಿಗೆ ಹೋಗಿದ್ದೆವು. ನನ್ನ ಗಂಡ ರಾಯಚೂರಿನಲ್ಲಿ ಇತಿಹಾಸದ ಮೇಷ್ಟ್ರು, ಆ ಊರು ನೋಡಬೇಕೆಂಬುದು ಅವರ ಎಷ್ಟೋ ವರ್ಷಗಳ ಆಸೆ. ಜೊತೆಗೆ ಕಾಲೇಜು ಓದುತ್ತಿದ್ದ ಮಗಳು, ಮತ್ತು ನಮ್ಮ ಜೊತೆಯೇ ಇರುವ ಅವ್ವ. ಅಷ್ಟು ಹೊತ್ತಿಗಾಗಲೇ ಅವ್ವನಿಗೆ ಮರೆವು ಹತ್ತಿತ್ತು. ಮೊದಲು ಹೆಸರುಗಳು ಹೋದವು, ಆಮೇಲೆ ಉಂಡೆನೋ ಇಲ್ಲವೋ ಎಂಬುದು. ಅವಳನ್ನು ಯಾರ ಹತ್ತಿರ ಬಿಟ್ಟು ಹೋಗುವುದು? ನಿಜ ಹೇಳಬೇಕೆಂದರೆ, ನಮ್ಮೆಲ್ಲರಿಗಿಂತ ಹೆಚ್ಚು ಹುರುಪು ಅವಳಿಗೇ ಇತ್ತು. ಅಲ್ಲಿ ಹೋಟೆಲಿನ ಅನ್ನ ನೀರು ಮುಟ್ಟದೆ, ಡಬ್ಬಿಯಲ್ಲಿ ತಂದ ಅವಲಕ್ಕಿ, ಮೆಂತ್ಯದ ಹಿಟ್ಟಿನಲ್ಲಿ ದಿನ ಕಳೆಯುತ್ತ ಖುಷಿಯಾಗಿದ್ದಳು. ಹಳೆಯ ಊರಗೋಡೆಯೊಂದನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ, "ನಮ್ಮೂರ ಕೋಟೆ ಕಲ್ಲು ಇದಕ್ಕಿಂತ ದೊಡ್ಡುವು ಅವ ಅಳಿಯಂದ್ರ," ಎಂದಾಗ ಇವರು ಹಿಗ್ಗಿಹೋದರು.

ಮೂರನೆಯ ದಿನ ಬೆಳಿಗ್ಗೆ ಹೋಟೆಲಿನಿಂದ ಹೊರಡುವಾಗ ನಾನೇ ಅವ್ವನಿಗೆ ಹೇಳಿದೆ: "ಯವ್ವಾ, ಗದ್ದಲ ಭಾಳ ಅದ. ತಪ್ಪಿಸಿಕೊಂಡ್ರ ತೀನ್ ಕಂದೀಲ್ ಹತ್ರ ನಿಂದ್ರು."

ಬಾಯಿತಪ್ಪಿ ಬಂದ ಮಾತು. ಮಗಳು ಬಿದ್ದು ಬಿದ್ದು ನಕ್ಕಳು. ಇವರೂ ನಕ್ಕರು, ನಾನೂ ನಕ್ಕೆ. ಅವ್ವ ಮಾತ್ರ ನಗದೆ, "ಆತು ತೊಗೊ," ಎಂದು ತಲೆಯಾಡಿಸಿದಳು. ಹಾಗಲ್ಲ, ಹೀಗೆ ಎಂದು ತಿದ್ದಲು ನಮಗ್ಯಾರಿಗೂ ಹೊಳೆಯಲಿಲ್ಲ.

ಅಂದು ದೊಡ್ಡ ಗುಮ್ಮಟದ ಮಸೀದಿ ನೋಡಿಕೊಂಡು, ನೆಲದಡಿಯ ಹಳೆಯ ನೀರಿನ ತೊಟ್ಟಿಗೆ ಇಳಿದೆವು. ಕತ್ತಲಲ್ಲಿ ನೂರಾರು ಕಂಬಗಳು ನೀರಿನೊಳಗೆ ನಿಂತಿದ್ದವು. ಎಲ್ಲಿಂದಲೋ ಹನಿ ತೊಟ್ಟಿಕ್ಕುತ್ತಿತ್ತು. ಅವ್ವ ಕಟಕಟೆ ಹಿಡಿದು ಬಹಳ ಹೊತ್ತು ನೀರನ್ನೇ ನೋಡಿದಳು. ಮೇಲೆ ಬಂದಾಗ ಮಧ್ಯಾಹ್ನದ ಬಿಸಿಲು ಕಣ್ಣಿಗೆ ಹೊಡೆಯಿತು. ಅವ್ವನನ್ನು ಒಂದು ಕಲ್ಲುಬೆಂಚಿನ ಮೇಲೆ ಕೂಡಿಸಿದೆವು. ಮಗಳು ಸುಟ್ಟ ಗೋವಿನಜೋಳ ತರಲು ಹೋದಳು, ಇವರು ಫೋಟೋ ತೆಗೆಯಲು ಹೋದರು, ನಾನು ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳಲು ಬಗ್ಗಿದೆ. ತಲೆ ಎತ್ತಿದರೆ ಬೆಂಚು ಖಾಲಿ.

ಮಗಳ ಜೊತೆ ಹೋಗಿರಬೇಕೆಂದು ನಾನು ಅಂದುಕೊಂಡೆ, ನನ್ನ ಜೊತೆ ಇದ್ದಾಳೆಂದು ಅವರಿಬ್ಬರೂ ಅಂದುಕೊಂಡಿದ್ದರು. ಹೋಟೆಲಿನ ಚೀಟಿ ಅವ್ವನ ಚೀಲದಲ್ಲಿತ್ತು. ಚೀಲ ಭಾರವಾಯಿತೆಂದು ಅದನ್ನು ನಾನೇ ಹೆಗಲಿಗೆ ಹಾಕಿಕೊಂಡಿದ್ದೆ. ಕನ್ನಡ ಬಿಟ್ಟರೆ ಅವಳಿಗೆ ಬರುತ್ತಿದ್ದುದು ಸ್ವಲ್ಪ ತೆಲುಗು, ಪೇಟೆಯಲ್ಲಿ ಕಲಿತ ನಾಲ್ಕು ಉರ್ದು ಮಾತು.

ಇವರೂ ಮಗಳೂ ಪೊಲೀಸರನ್ನು ಹುಡುಕಿ ಹೋದರು. ಅವ್ವ ತಿರುಗಿ ಬಂದರೆ ಯಾರಾದರೂ ಇರಬೇಕಲ್ಲ, ನಾನು ಬೆಂಚಿನಲ್ಲೇ ಕುಳಿತೆ. ಎಷ್ಟೋ ಹೊತ್ತಾಯಿತು. ಅಷ್ಟರಲ್ಲಿ ಮಸೀದಿಯಿಂದ ಆಜಾನು ಶುರುವಾಯಿತು. ರಾಯಚೂರಿನ ನಮ್ಮ ಮನೆಯ ಹಿತ್ತಲಿಗೆ ಕೇಳಿಸುವಂತೆಯೇ ಕೇಳಿತು. ಬೆಳಿಗ್ಗೆ ನಾನು ಆಡಿದ ಮಾತು ನೆನಪಾಯಿತು. ಎದ್ದು ನಡೆಯತೊಡಗಿದೆ.

ಎಲ್ಲಿಗೆ ಎಂದು ಯೋಚಿಸಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಗಿರಣಿಯ ಬೆಲ್ಟಿನ ಟಪಟಪ ಸದ್ದು ಕೇಳಿತು. ಕಾಫಿ ಬೀಜ ಪುಡಿ ಮಾಡುವ ಅಂಗಡಿ. ಎಡಕ್ಕೆ ತಿರುಗಿದೆ. ಒಂದು ಕಿಟಕಿಯೊಳಗೆ ಮುದುಕನೊಬ್ಬ ಹೊಲಿಗೆ ಮಶಿನ್ ತುಳಿಯುತ್ತಿದ್ದ, ತಲೆ ಎತ್ತಲಿಲ್ಲ. ಬಲಕ್ಕೆ ತಿರುಗಿದೆ. ಜನರ ಗಲಾಟೆ ಹಿಂದೆ ಉಳಿಯಿತು. ನನಗೆ ಭಯವಾಗುತ್ತಿರಲಿಲ್ಲ. ಸಾಲಿ ಬಿಟ್ಟು ಪಾಟಿಚೀಲ ಹಾಕಿಕೊಂಡು ಮನೆಗೆ ಹೋಗುವಾಗ ಇರುತ್ತದಲ್ಲ, ಅಂಥ ಒಂದು ಹಗುರ. ಮುಂದೆ ಸಣ್ಣ ಏರು ಬಂತು. ಬರುತ್ತದೆಂದು ನನಗೆ ಗೊತ್ತಿತ್ತು.

ಏರಿನ ಮೇಲೆ ಒಂದು ಪುಟ್ಟ ಚೌಕ. ನಡುವೆ ಕಬ್ಬಿಣದ ಕಂಬ. ಅದರಲ್ಲಿ ಕಂದೀಲುಗಳು ಹಾಡಹಗಲೇ ಉರಿಯುತ್ತಿದ್ದವು. ಅಭ್ಯಾಸಬಲ, ಎಣಿಸಿದೆ. ಮೂರು. ಕೆಳಗಿನ ಕಟ್ಟೆಯ ಮೇಲೆ ಅವ್ವ ತಲೆತುಂಬ ಸೆರಗು ಹೊದ್ದು ಕುಳಿತಿದ್ದಳು.

"ಯಾಕ ಇಷ್ಟು ತಡಾ ಮಾಡ್ದಿ?" ಎಂದಳು.

"ಯಾರು ಕರ್ಕೊಂಡು ಬಂದ್ರು ಬೇ ನಿನ್ನ ಇಲ್ಲಿಗೆ?"

"ಯಾರ್ ಕರ್ಕೊಂಡು ಬರಬೇಕು? ನೀನ ಹೇಳಿದ್ದೀಯಲ್ಲ, ಇಲ್ಲಿ ನಿಂದ್ರು ಅಂತ."

ನಾನು ಅತ್ತುಬಿಟ್ಟೆ. ಅವ್ವ ಸೆರಗಿನಿಂದ ನನ್ನ ಮುಖ ಒರೆಸಿದಳು. ಕೈ ಹಿಡಿದುಕೊಂಡು ಇಳಿದು ಬಂದೆವು. ಫೋಟೋ ಯಾಕೆ ತೆಗೆಯಲಿಲ್ಲ ಎಂದು ಮಗಳು ಇಂದಿಗೂ ಬೈಯುತ್ತಾಳೆ. ನಿಮ್ಮ ಅವ್ವ ಸಿಕ್ಕಾಗ ನಿಮಗೆ ಫೋಟೋ ನೆನಪಾಗುತ್ತದೆಯೇ?

ಮರುದಿನ ನಾಲ್ವರೂ ಹುಡುಕಿಕೊಂಡು ಹೋದೆವು. ಕಾಫಿ ಅಂಗಡಿ ಸಿಕ್ಕಿತು. ಎಡಕ್ಕೆ ತಿರುಗಿದರೆ ಹತ್ತೇ ಹೆಜ್ಜೆಗೆ ಎತ್ತರದ ಗೋಡೆ, ಅದರ ಮೇಲೆಲ್ಲ ಹಳೆಯ ಬಳ್ಳಿ. ಮೂರು ಬೆರಳು ತೋರಿಸಿ ಕಂದೀಲಿನ ಆಕಾರ ಮಾಡಿ ಕೇಳಿದರೆ ಅಂಗಡಿಯವನು ತಲೆ ಅಲ್ಲಾಡಿಸಿದ. "ಈ ಊರ ತುಂಬ ಕಂದೀಲೇ ಜೋತಾಡಾಕತ್ತಾವ. ನೀ ಗಾಬರಿಯಾಗಿದ್ದಿ, ಯಾವುದೋ ದಾರಿ ಹಿಡದಿ," ಎಂದರು ಇವರು. ಬೇರೆಯವರಿಗಾಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಗಾಬರಿಯಾದದ್ದು ನನಗೆ. ಅವ್ವ ನನಗಿಂತ ಮೊದಲೇ ಹೋಗಿ ಅಲ್ಲಿ ಕುಳಿತಿದ್ದಳು. ಈ ಲೆಕ್ಕ ನನಗೆ ಇಂದಿಗೂ ಬಿಡಿಸಲಾಗಿಲ್ಲ.

ಊರಿಗೆ ಬಂದ ಮೇಲೆ ಒಂದು ಸಂಜೆ ಅವ್ವನನ್ನು ಆಟೋದಲ್ಲಿ ಕೂಡಿಸಿಕೊಂಡು ತೀನ್ ಕಂದೀಲಿಗೆ ಕರೆದೊಯ್ದೆ. ಸುತ್ತ ಕಣ್ಣಾಡಿಸಿ, "ಇದಲ್ಲ," ಎಂದಳು. ಆ ಸರ್ಕಲ್ಲಿಗೆ ಬಂದು ನಿಲ್ಲಲು ಕಲಿತೇ ಈ ಊರಿನವಳಾದ ಹೆಂಗಸು ಅವಳು. ಅಂದಿನಿಂದ ನನಗೆ ಇರುವ ಅಂಜಿಕೆ ಇದೊಂದೇ: ಇವಳು ಇಲ್ಲಿ ತಪ್ಪಿಸಿಕೊಂಡರೆ ಎಲ್ಲಿಗೆ ಹೋಗಿ ನಿಲ್ಲುತ್ತಾಳೆ?

ಹೋದ ತಿಂಗಳು ಹಾಗೇ ಆಯಿತು. ನಾನು ಶಾಲೆ ಮುಗಿಸಿ ಮಾನ್ವಿಯಿಂದ ಬರುವಷ್ಟರಲ್ಲಿ ಅವ್ವ ಮನೆಯಲ್ಲಿರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. ತೀನ್ ಕಂದೀಲಿಗೆ ಬಸ್ಸು ಎಷ್ಟು ಹೊತ್ತಿಗೆ ಎಂದು ಕಂಡಕ್ಟರೊಬ್ಬರನ್ನು ಕೇಳುತ್ತಿದ್ದಳಂತೆ. ಪಕ್ಕದಲ್ಲಿ ಕುಳಿತು, "ನನ್ನ ಬಿಟ್ಟು ಒಬ್ಬಾಕಿನ ಹೋಗಬ್ಯಾಡ ಯವ್ವಾ," ಎಂದೆ.

"ಅದಕ್ಯಾಕ ಅಂಜತಿ?" ಎಂದಳು ಅವ್ವ. "ಒಮ್ಮೆ ಬಂದೀಯಲ್ಲ. ದಾರಿ ನಿನಗ ಗೊತ್ತದ."

ನನಗೆ ಗೊತ್ತಿಲ್ಲ. "ಹೂಂ, ಗೊತ್ತದ," ಎಂದೆ.