ಚಿಮಣಿ ಪಕ್ಕದ ಧೂಮಕೇತು

ನಮ್ಮ ಸೇಡಮ್ಮಿನ ಗೃಹಿಣಿಯರು ದಿನಕ್ಕೆ ನಾಲ್ಕಾರು ಸಲವಾದರೂ ಆಕಾಶ ನೋಡುತ್ತಾರೆ. ಇದನ್ನು ಖಗೋಳಶಾಸ್ತ್ರದ ಮೇಲಿನ ಪ್ರೀತಿ ಎಂದು ಹೊರಗಿನವರು ತಿಳಿಯಬಾರದು. ಅವರು ನೋಡುವುದು ಸಿಮೆಂಟ್ ಕಾರ್ಖಾನೆಯ ಚಿಮಣಿಯ ಹೊಗೆಯನ್ನು. ಹೊಗೆ ಆ ಕಡೆ ಬಾಗಿದ್ದರೆ ಮಾಳಿಗೆಯ ಮೇಲೆ ಬಟ್ಟೆ ಹರವಬಹುದು. ಈ ಕಡೆ ಹೊರಳಿತೋ, ಎಲ್ಲವನ್ನೂ ಬಾಚಿಕೊಂಡು ಒಳಗೆ ಓಡಬೇಕು. ನನ್ನ ಹೆಂಡತಿ ಮಹಾದೇವಿ ಈ ವಿದ್ಯೆಯಲ್ಲಿ ಎಂದೂ ತಪ್ಪಿದವಳಲ್ಲ. ಅದೇ ಮಾಳಿಗೆ ನನ್ನ ವೇಧಶಾಲೆಯೂ ಹೌದಾದ್ದರಿಂದ, ಆಕಾಶ ನೋಡಿ ತಪ್ಪುವ ಕೆಲಸ ಮನೆಯಲ್ಲಿ ನನ್ನೊಬ್ಬನ ಪಾಲಿಗೆ ಬಂದಿದೆ.

ವೇಧಶಾಲೆ ಎಂದರೆ ಶಹಾಬಾದ್ ಫರ್ಸಿಕಲ್ಲು ಹಾಸಿದ ನೆಲ, ಒಂದು ಪ್ಲಾಸ್ಟಿಕ್ ಕುರ್ಚಿ, ಮಾಸ್ತರಿಕೆಯಿಂದ ನಿವೃತ್ತನಾದಾಗ ನನಗೆ ನಾನೇ ಸನ್ಮಾನಪೂರ್ವಕ ಕೊಟ್ಟುಕೊಂಡ ಒಂದು ದುರ್ಬೀನು. ಫರ್ಸಿಯು ಹಗಲೆಲ್ಲ ಕುಡಿದ ಬಿಸಿಲನ್ನು ಸಂಜೆ ವೀಕ್ಷಕನ ಬೆನ್ನಿಗೆ ಪ್ರಾಮಾಣಿಕವಾಗಿ ಹಿಂದಿರುಗಿಸುತ್ತದೆ. ವಿಜ್ಞಾನಕ್ಕಾಗಿ ಬೆನ್ನು ಸುಟ್ಟುಕೊಂಡವರ ಹೆಸರನ್ನು ಯಾರೂ ಬರೆದಿಡುವುದಿಲ್ಲ.

ಕೆಲವು ವರ್ಷಗಳ ಹಿಂದೆ ಪಕ್ಕದ ಮನೆಯ ಶರಣಪ್ಪನಿಗೆ ಇಲ್ಲಿಂದಲೇ ಮಂಗಳ ಗ್ರಹ ತೋರಿಸಿದ್ದೆ. ಶರಣಪ್ಪ ಬಸ್ ಕಂಡಕ್ಟರನಾಗಿದ್ದವನು. ಪುಕ್ಕಟೆ ಪ್ರಯಾಣವನ್ನೂ ಪುಕ್ಕಟೆ ಜ್ಞಾನವನ್ನೂ ಸಂಶಯದಿಂದಲೇ ನೋಡುತ್ತಾನೆ. ಮಂಗಳ ಏಕೆ ಕೆಂಪಗಿದೆ ಎಂಬ ನನ್ನ ಉಪನ್ಯಾಸ ಮುಗಿಯುವ ಹೊತ್ತಿಗೆ ಆ ಭಾಗದಲ್ಲಿ ಕರೆಂಟ್ ಹೋಯಿತು. ಜೊತೆಗೆ ಮಂಗಳ ಗ್ರಹವೂ ಹೋಯಿತು. ಅದು ಚಿಮಣಿಯ ತುದಿಯ ಕೆಂಪು ದೀಪವಾಗಿತ್ತು. ಮರುದಿನದಿಂದ ನಾನು ಊರಿಗೆಲ್ಲ ‘ಚಿಮಣಿ ಮಾಸ್ತರ’.

ಇಂಥ ಹೆಸರು ಹೊತ್ತವನಿಗೇ ಧೂಮಕೇತು ಕಾಣಿಸಬೇಕೆ! ಸೂರ್ಯ ಮುಳುಗಿದ ಮೇಲೆ ಪಡುವಣದಲ್ಲಿ ಕಾಣುತ್ತದೆಂದು ಪತ್ರಿಕೆಯಲ್ಲಿ ಓದಿದ್ದೆ. ಒಂದು ಸಂಜೆ ದುರ್ಬೀನನ್ನು ಮೆಲ್ಲಗೆ ಸರಿಸುತ್ತಿದ್ದಾಗ ಚಿಮಣಿಯ ಬಲಕ್ಕೆ ಒಂದು ಮಸುಕು ಚುಕ್ಕಿ, ಅದರ ಮೇಲೆ ಓರೆಯಾಗಿ ನಿಂತ ಬೆಳ್ಳನೆಯ ಬಾಲ. ದುರ್ಬೀನಿನ ಗಾಜನ್ನು ಅಂಗಿಯ ತುದಿಯಿಂದ ಒರೆಸಿ ಮತ್ತೆ ನೋಡಿದೆ; ಬಾಲ ಅಲ್ಲೇ ಇತ್ತು. ಸೂರ್ಯನನ್ನು ಕಂಡು ಹಿಂದಿರುಗುವ ಧೂಮಕೇತುವಿನ ಬಾಲ ಮುಂದೆ, ಮುಖ ಸೂರ್ಯನ ಕಡೆಗೆ. ದರ್ಬಾರಿನಿಂದ ಹೊರಡುವ ಸರದಾರ ನಿಜಾಮರಿಗೆ ಬೆನ್ನು ತೋರಿಸದೆ ಹಿಂದಿಂದಕ್ಕೆ ಹೆಜ್ಜೆ ಇಡುತ್ತಿದ್ದನಂತಲ್ಲ, ಹಾಗೆ. ಇದು ಹಿಂದಿನ ಸಲ ಬಂದಿದ್ದಾಗ ಇಲ್ಲಿಯೇ ಪಕ್ಕದ ಮಳಖೇಡದ ಕೋಟೆಗೆ ಅಡಿಗಲ್ಲೂ ಬಿದ್ದಿರಲಿಲ್ಲ. ಇಷ್ಟು ಅದಬಿನ, ಮರ್ಯಾದೆ ಬಲ್ಲ ಅತಿಥಿಯನ್ನು ಒಬ್ಬನೇ ನೋಡಿ ಸುಮ್ಮನಿರುವುದು ಹೇಗೆ? ಚಹಾದ ಅಂಗಡಿಯಲ್ಲಿ ಸಾರಿಬಿಟ್ಟೆ: “ನಾಳೆ ಸಂಜೀಕ ಎಲ್ಲಾರೂ ನಮ್ಮ ಮಾಳಿಗಿಗಿ ಬರ್ರಿ.”

ಸಾರಿದ ಮೇಲೆ ಲೆಕ್ಕ ಹಾಕಿದೆ. ಈ ಸಲವೂ ತಪ್ಪಿದರೆ ಆ ಹೆಸರು ನನ್ನ ಕೊನೆಯವರೆಗೂ ಬರುತ್ತದೆ.

ಶರಣಪ್ಪ ಓಣಿಯ ನಾಲ್ಕು ಜನರೊಂದಿಗೆ ಬಂದ. ದುರ್ಬೀನು ಹಿಡಿದು ನೋಡಿದ. “ಮಾಸ್ತರ್, ಇದು ಹೊಗಿ ಅದರೀ,” ಎಂದ. “ಹ್ವಾದ ಸಲ ಚಿಮಣಿ ದೀಪ ತೋರ್ಸಿದ್ರಿ, ಈ ಸಲ ಹೊಗಿ. ಮುಂದಿನ ಸಲ ಫ್ಯಾಕ್ಟರಿ ಗೇಟ್ ತೋರಸ್ತೀರೇನು?”

ಎಲ್ಲರೂ ನಕ್ಕರು. ಅದರಲ್ಲಿ ಅನ್ಯಾಯವೇನೂ ಇರಲಿಲ್ಲ. ಚಿಮಣಿಯ ಹೊಗೆಯೂ ಅದೇ ಬಲಕ್ಕೆ, ಅದೇ ಓರೆಯಲ್ಲಿ ಎದ್ದಿತ್ತು. ನಾನು ವಾದಿಸಿದೆ. ವಾದಿಸಿದಷ್ಟೂ ಬಾಲ ನನಗೇ ಹೊಗೆಯಂತೆ ಕಾಣತೊಡಗಿತು.

ಅಷ್ಟರಲ್ಲಿ ಮೆಟ್ಟಿಲ ಕಡೆಯಿಂದ ಮಹಾದೇವಿಯ ಕೂಗು: “ಏನ್ರೀ, ಹಗ್ಗದ ಮ್ಯಾಲಿನ ಅರಿಬಿ ತೆಗೀರಿ! ಹೊಗಿ ಈ ಕಡಿ ಹೊಳ್ಳ್ಯಾದ!”

ಈ ಊರಿನಲ್ಲಿ ಆ ಕೂಗು ಕೇಳಿದರೆ ತಲೆಗಳು ತಾವಾಗಿ ಚಿಮಣಿಯ ಕಡೆ ತಿರುಗುತ್ತವೆ. ತಿರುಗಿದವು. ಗಾಳಿ ಬದಲಾಗಿ ಹೊಗೆ ಎಡಕ್ಕೆ ಮಡಚಿಕೊಂಡು ನಮ್ಮ ಕಡೆ ಬರುತ್ತಿತ್ತು. ಬಲಗಡೆಯ ಬಾಲ ಮಾತ್ರ ಇದ್ದಲ್ಲೇ ಇತ್ತು.

ನಾನು ಗಂಭೀರವಾಗಿ ಗಂಟಲು ಸರಿಮಾಡಿಕೊಂಡೆ. “ಶರಣಪ್ಪಾ, ನಿನ್ನ ಹೊಗಿ ಈ ಕಡಿ ಬರಲಿಕತ್ತದ. ನಂದು?”

ಅವನು ಮತ್ತೆ ದುರ್ಬೀನು ಹಚ್ಚಿ ಬಹಳ ಹೊತ್ತು ನೋಡಿದ. “ಹಂಗೇ ನಿಂತದಲ್ರೀ... ಖರೇನೇ ಅದಲ್ರೀ ಮಾಸ್ತರ್!” ಆಮೇಲೆ ದುರ್ಬೀನು ಬಿಡಲೇ ಒಲ್ಲ.

“ಶರಣಪ್ಪಣ್ಣಾ, ಜರಾ ಇಲ್ಲಿ ಕೊಡ್ರಿ. ಮಾಳಿಗಿ ನಮ್ದು,” ಎಂದು ಮಹಾದೇವಿ ಹೆಗಲ ಮೇಲೆ ನನ್ನ ಅಂಗಿಗಳನ್ನು ಹಾಕಿಕೊಂಡೇ ಕಸಿದುಕೊಂಡಳು. “ದಿನಾ ಅಲ್ಲೇ ನೋಡ್ತೀನಿ, ಇದು ಯಾವಾಗ ಬಂತು?”

“ಸಾವಿರಾರು ವರ್ಷದಿಂದ ಬರಲಿಕತ್ತದ,” ಎಂದೆ, ನಾನೇ ಕರೆಸಿದವನಂತೆ.

“ಭಾಳ ದಣದಿರಬೇಕು, ಪಾಪ,” ಎಂದಳು.

ಮರುದಿನದಿಂದ ಚಿತ್ತಾಪುರದ ಬೀಗರವರೆಗೂ ಸುದ್ದಿ ಹೋಗಿ ಮಾಳಿಗೆ ತುಂಬಿತು. ಶರಣಪ್ಪ ಮೆಟ್ಟಿಲ ಬಳಿ ನಿಂತು ಹಳೆಯ ಅಭ್ಯಾಸದಂತೆ ಕೂಗಿದ: “ನೋಡಿದವರು ಹಿಂದ ಸರೀರಿ, ಒಳಗ ಜಾಗಾ ಭಾಳ ಅದ!”

ಧೂಮಕೇತು ಅದಬಿನಿಂದ ಹಿಂದೆ ಹಿಂದೆ ಸರಿದು ಹೊರಟುಹೋಯಿತು. ನನ್ನ ಹೆಸರೇನೂ ಹೋಗಲಿಲ್ಲ. ಈಗಲೂ ನಾನು ಚಿಮಣಿ ಮಾಸ್ತರನೇ. ಆದರೆ ಹೊಸಬರು ಯಾಕೆ ಹೀಗೆನ್ನುತ್ತಾರೆಂದು ಕೇಳಿದರೆ ಶರಣಪ್ಪ ದೀಪದ ಕಥೆ ಹೇಳುವುದಿಲ್ಲ. “ಚಿಮಣಿ ಬಾಜೂಕಿನ ಧೂಮಕೇತು ಹಿಡದವರು ಇವ್ರೇ ರೀ,” ಎನ್ನುತ್ತಾನೆ. ನಾನು ಕುತ್ತಿಗೆ ಎತ್ತಿ ಆಕಾಶ ನೋಡುತ್ತ ನಿಂತುಕೊಳ್ಳುತ್ತೇನೆ. ಹೆಸರು ಅದೇ ಇದೆ. ಗಾಳಿ ಮಾತ್ರ ತಿರುಗಿದೆ.