ತೂಕದ ಭಾವ

ನಮ್ಮ ಭಾವ ಅಳತೆ ಮತ್ತು ತೂಕದ ಇಲಾಖೆಯಲ್ಲಿ ಇನ್‌ಸ್ಪೆಕ್ಟರು. ಅಂಗಡಿ ಅಂಗಡಿ ಸುತ್ತಿ, ತಕ್ಕಡಿ ನೆಟ್ಟಗಿದೆಯೇ, ತೂಕದ ಕಲ್ಲು ಸವೆದಿಲ್ಲವೇ ಎಂದು ನೋಡಿ, ಸರಿಯಿದ್ದರೆ ಮುದ್ರೆ ಒತ್ತುವುದು, ಇಲ್ಲದಿದ್ದರೆ ದಂಡ ಹಾಕುವುದು ಅವರ ಕೆಲಸ. ತಟ್ಟೆಯ ಅಡಿಗೆ ಅಯಸ್ಕಾಂತ ಅಂಟಿಸಿದವರನ್ನೂ ಕಲ್ಲಿನ ಬುಡದ ಸೀಸ ಕೊರೆದವರನ್ನೂ ಬಾಗಿಲಲ್ಲಿ ನಿಂತೇ ಗುರುತಿಸುತ್ತಿದ್ದರು. ನೋಡುತ್ತಿದ್ದದ್ದು ತಕ್ಕಡಿಯನ್ನಲ್ಲ, ಅಂಗಡಿಯವನ ಮುಖವನ್ನು. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೋತಾರೆ ಕಣಮ್ಮ. ನಾನು ಹೆಗಲು ನೋಡ್ತೀನಿ ಅಷ್ಟೆ," ಎನ್ನುತ್ತಿದ್ದರು.

ಮನೆಯಲ್ಲೂ ಅದೇ ಚಟ. ಹಸುಗೂಸನ್ನು ಕೈಗೆ ಕೊಟ್ಟರೆ ಎರಡು ಸಲ ಮೇಲೆ ಕೆಳಗೆ ಮಾಡಿ ತೂಕ ಹೇಳುತ್ತಿದ್ದರು, ಆಸ್ಪತ್ರೆಯ ಯಂತ್ರವೂ ಹೆಚ್ಚುಕಡಿಮೆ ಅದನ್ನೇ ಹೇಳುತ್ತಿತ್ತು. ದೊಡ್ಡವರನ್ನು ಕಣ್ಣಲ್ಲೇ ತೂಗುತ್ತಿದ್ದರು. ನನ್ನ ಮದುವೆಯ ದಿನ, ಗಂಡಿನ ಕಡೆಯವರೆಲ್ಲ ಕೂತಿದ್ದಾಗ, ಕೇಳದಿದ್ದರೂ ನನ್ನ ತೂಕ ಹೇಳಿದ ಮಹಾನುಭಾವರು ಅವರು. ಮದುವೆ ನಿಲ್ಲಲಿಲ್ಲ. ನಾನು ಮಾತ್ರ ಇನ್ನೂ ಕ್ಷಮಿಸಿಲ್ಲ. ತೂಕದ ಭಾವ ಎಂದು ಹೆಸರಿಟ್ಟು ಸೇಡು ತೀರಿಸಿಕೊಂಡೆ, ಆ ಹೆಸರೇ ಉಳಿಯಿತು. ಇಲ್ಲಿ ಹೇಳುತ್ತಿರುವುದರಲ್ಲಿ ಅರ್ಧ ನಾನು ಕಂಡದ್ದು, ಉಳಿದದ್ದು ಅಕ್ಕ ಹೇಳಿದ್ದು, ಮತ್ತೆ ಕೊನೆಗೆ ಭಾವನೇ ತಲೆ ಎತ್ತದೆ ಹೇಳಿದ್ದು.

ರೋಗ ಬಂದು ಊರೆಲ್ಲ ಬಾಗಿಲು ಹಾಕಿಕೊಂಡಾಗ ಭಾವನಿಗೆ ತೂಗಲು ಏನೂ ಉಳಿಯಲಿಲ್ಲ. ಇಲಾಖೆಯ ಪರೀಕ್ಷೆಯ ಕಲ್ಲುಗಳನ್ನು ಪೆಟ್ಟಿಗೆಯ ಸಮೇತ ಮನೆಗೆ ತಂದು ಮಂಚದ ಪಕ್ಕ ಇಟ್ಟುಕೊಂಡು ಕೂತರು. ಅಕ್ಕನಿಗೆ ಮಾತ್ರ ಬಿಡುವಿಲ್ಲ. ಅವಳು ಔಷಧಿ ಅಂಗಡಿಯವಳು. ಬೆಳಿಗ್ಗೆ ಹೋದರೆ ಸಂಜೆಯವರೆಗೆ ಏಣಿ ಹತ್ತುವುದು, ಡಬ್ಬ ಇಳಿಸುವುದು, ಗಾಜಿನ ಆಚೆ ನಿಂತವರಿಗೆ ಕೂಗಿ ಕೂಗಿ ಹೇಳುವುದು. ಮನೆಯಲ್ಲಿ ಉಳಿಯುತ್ತಿದ್ದವರು ಭಾವ ಮತ್ತು ನಮ್ಮ ಅಮ್ಮ. ಅಪ್ಪ ಹೋದ ಮೇಲೆ ಅಮ್ಮ ಅಕ್ಕನ ಜೊತೆಗೇ ಇದ್ದಳು. ಮೂರನೇ ಮಹಡಿ, ಲಿಫ್ಟ್ ಇಲ್ಲದ ಹಳೆಯ ಕಟ್ಟಡ. ಮಗಳ ಮನೆ ಎಂಬ ಸಂಕೋಚ ಅಮ್ಮನಿಗೆ ಎಷ್ಟೆಂದರೆ, ಕುಡಿದ ಲೋಟವನ್ನು ತೊಳೆದು ಒರೆಸಿ ಎತ್ತಿಟ್ಟಲ್ಲದೆ ಕೂರುತ್ತಿರಲಿಲ್ಲ. "ಯಾರಿಗೂ ಭಾರ ಆಗ್ದೆ ಹೋಗ್ಬಿಟ್ರೆ ಸಾಕಪ್ಪಾ" ಎಂಬುದು ಅವಳ ದಿನದ ಮಾತು. ಕೇಳಿ ಕೇಳಿ ನಾವು ಅದನ್ನು ಕೆಮ್ಮಿನ ಹಾಗೆ ಕೇಳಿಸಿಕೊಳ್ಳುವುದನ್ನೇ ಬಿಟ್ಟಿದ್ದೆವು.

ಬಾಗಿಲುಗಳು ಪೂರ್ತಿ ತೆರೆಯುವ ಮೊದಲೇ ಹೊಸ ವರ್ಷ ಬಂತು. ಎಲ್ಲರೂ ಮನೆಯಲ್ಲಿ ಕೂತು ಊದುತ್ತಿದ್ದೇವೆ ಎಂದು ನಾನು ಫೋನಿನಲ್ಲಿ ಒಂದು ಗುಂಪು ಕಟ್ಟಿದೆ. ಹೆಸರು "ಮೈ ಬಗ್ಗಿಸಿ". ನಾನು ಶಾಲೆಯಲ್ಲಿ ಮೇಡಂ, ಹಾಜರಿ ಕೂಗುವುದು ನನ್ನ ಕೆಟ್ಟ ಚಟ. ಒಬ್ಬೊಬ್ಬರೂ ವರ್ಷದ ಗುರಿ ಹೇಳಬೇಕು, ವರ್ಷದ ಕೊನೆಗೆ ವೀಡಿಯೊದಲ್ಲಿ ಎಲ್ಲರೂ ಸೇರಿ ಲೆಕ್ಕ ಒಪ್ಪಿಸಬೇಕು. ನನ್ನ ಗಂಡ ಬೆಳಗಿನ ನಡಿಗೆ ಎಂದರು. ಅಕ್ಕ, "ನನಗೆ ಗುರಿ ಬೇಡ, ಕೂರೋಕೆ ಒಂದು ಸ್ಟೂಲ್ ಕೊಡ್ಸಿ," ಎಂದಳು. ಭಾವ ಮಾತ್ರ ಎದೆ ಸೆಟೆಸಿದರು. ಹೊಟ್ಟೆ ಕರಗಿಸುತ್ತೇನೆ, ದಿನಾ ಕಲ್ಲು ಎತ್ತುತ್ತೇನೆ, ವರ್ಷದ ಕೊನೆಗೆ ನೀವೇ ಗುರುತು ಹಿಡಿಯುವುದಿಲ್ಲ ಎಂದರು. ಮರುದಿನವೇ ಫೋಟೊ ಬಂತು. ಬನಿಯನ್ ಹಾಕಿಕೊಂಡ ಭಾವ, ಒಂದೊಂದು ಕೈಯಲ್ಲಿ ಇಪ್ಪತ್ತು ಕಿಲೋದ ಒಂದೊಂದು ಕಲ್ಲು, ಹೊಟ್ಟೆಯನ್ನು ಬೆನ್ನಿಗೆ ಅಂಟುವ ಹಾಗೆ ಒಳಗೆ ಎಳೆದುಕೊಂಡಿದ್ದಾರೆ. ಅದನ್ನು ಕಟ್ಟಡದವರ ಗುಂಪಿಗೂ ಕಳಿಸಿದರಂತೆ. ಅಮ್ಮ ಫೋನಿನಲ್ಲಿ ನನಗೆ ಹೇಳಿದಳು: "ಅಳಿಯಂದ್ರು ಏನು ಗಟ್ಟಿಯಾಗಿದಾರೆ ಗೊತ್ತಾ! ನನ್ನನ್ನೂ ಒಂದ್ ಕೈಯಲ್ಲಿ ಎತ್ಬಿಡ್ತಾರೆ."

ಆರಂಭಶೂರರು ಎಂದರೆ ನಮ್ಮ ಭಾವ. ಮೊದಮೊದಲು ನಿಜವಾಗಿಯೂ ಎತ್ತಿದರು, ಸೊಂಟ ಹಿಡಿದುಕೊಂಡಿತು. ಸೊಂಟ ಬಿಟ್ಟ ಮೇಲೆ ಚಳಿ, ಚಳಿ ಹೋದ ಮೇಲೆ ಸೆಕೆ. ಕಳ್ಳನಿಗೊಂದು ಪಿಳ್ಳೆ ನೆವ. ಕಲ್ಲುಗಳು ಪೆಟ್ಟಿಗೆ ಸೇರಿದವು, ಪೆಟ್ಟಿಗೆಯ ಮೇಲೆ ಬಟ್ಟೆಯ ರಾಶಿ ಏರಿತು, ಹೊಸದಾಗಿ ತಂದಿದ್ದ ತೂಕದ ಯಂತ್ರ ಮಂಚದ ಅಡಿಗೆ ಹೋಯಿತು. ಆದರೆ ನಾನು ಗುಂಪಿನಲ್ಲಿ "ಭಾವ, ಎಲ್ಲಿಗೆ ಬಂತು?" ಎಂದು ಕೇಳಿದಾಗಲೆಲ್ಲ ಉತ್ತರ ತಯಾರು. ಇಳಿದ ತೂಕವನ್ನು ಅವರು ಒಮ್ಮೆಯೂ ಹೆಚ್ಚು ಹೇಳಲಿಲ್ಲ. ನಂಬುವಷ್ಟೇ ಹೇಳಿದರು, ನಡುವೆ ಒಂದು ತಿಂಗಳು "ಸ್ವಲ್ಪ ಏರಿದೆ" ಎಂದು ಬೇಸರವನ್ನೂ ಪಟ್ಟರು. ಯಾವ ಅಂಗಡಿಯವನೂ ಒಂದೇ ಸಲಕ್ಕೆ ಕಿಲೋಗಟ್ಟಲೆ ಹೊಡೆಯುವುದಿಲ್ಲ, ಚೂರು ಚೂರು ಹೊಡೆದರೆ ಯಾರಿಗೂ ತಿಳಿಯುವುದಿಲ್ಲ ಎಂಬ ವಿದ್ಯೆ ಅವರಿಗೆ ಕರಗತವಾಗಿತ್ತಲ್ಲ. ಅಕ್ಕನಿಗೆ ಗೊತ್ತಿತ್ತು. ಪ್ಯಾಂಟಿನ ಗುಂಡಿ ಜರುಗಿಸಿ ಹೊಲಿಯುತ್ತಿದ್ದವಳು ಅವಳೇ. ಗಂಡನ ಮಾನ ತೆಗೆಯುವುದು ಯಾಕೆಂದು ಸುಮ್ಮನಿದ್ದಳು.

ವರ್ಷದ ನಡುವೆ ಒಂದು ಬೆಳಿಗ್ಗೆ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದಳು. ಪಾದದ ಗಂಟು ಊದಿಕೊಂಡು ನೆಲಕ್ಕೆ ತಾಗಿಸಲು ಆಗುತ್ತಿರಲಿಲ್ಲ. ಆಂಬುಲೆನ್ಸ್ ಬಂತು, ಆದರೆ ಡ್ರೈವರ್ ಕೆಳಗಿನಿಂದಲೇ ಫೋನ್ ಮಾಡಿದ: "ನಾನೊಬ್ನೇ ಇದೀನಿ, ಜೊತೆಗಿದ್ದವನಿಗೂ ಜ್ವರ. ಹೇಗಾದ್ರೂ ಮಾಡಿ ಕೆಳಗೆ ಕರ್ಕೊಂಡು ಬನ್ನಿ." ಅಕ್ಕ ಪಕ್ಕದ ಮನೆಯವರನ್ನು ಕರೆಯಲು ಹೊರಟಳು. ಭಾವ ತಡೆದರು. "ಯಾರನ್ನ ಯಾಕೆ ಕರೀತೀಯ? ನಾನಿದೀನಲ್ಲ," ಎಂದು ಅಮ್ಮನನ್ನು ಎರಡೂ ತೋಳಲ್ಲಿ ಎತ್ತಿಕೊಂಡೇ ಬಿಟ್ಟರು.

ಒಂದು ಮಹಡಿ ಇಳಿದರು. ಎರಡನೆಯದರ ತಿರುವಿನಲ್ಲಿ ಮಾಸ್ಕಿನ ಒಳಗೆ ಉಸಿರು ಸಿಗಲಿಲ್ಲ. ಅಮ್ಮನನ್ನು ಮೆಟ್ಟಿಲ ಮೇಲೆ ಕೂರಿಸಿ, ಅಲ್ಲ, ಹೆಚ್ಚುಕಡಿಮೆ ಕೈಬಿಟ್ಟು, ತಾವೂ ಪಕ್ಕದಲ್ಲೇ ಕುಸಿದು ಕೂತರು. ಅಮ್ಮ ನೋವಿಗೆ "ಅಯ್ಯೋ" ಎಂದಳು. ಆ ಸದ್ದಿಗೆ ಎರಡು ಬಾಗಿಲು ಸರಪಳಿ ಬಿಡುವಷ್ಟೇ ತೆರೆದುಕೊಂಡವು. ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದ ಹಾಗಾಯಿತು. ಒಂದು ಬಾಗಿಲ ಸಂದಿಯಿಂದ, ಆ ಮಹಡಿಯಲ್ಲಿದ್ದ ಟೈಲರ್ ಒಬ್ಬರು ಕೇಳಿದರು, "ಏನ್ ಸಾರ್, ಕಲ್ಲು ಎತ್ತೋರು ನೀವು, ನಿಮಗೆ ಇದೇನು ಮಹಾ?"

ಭಾವ ಹಣೆ ಒರೆಸಿಕೊಂಡು ಹೇಳಿದರು: "ಭಾರ ಸಾರ್. ಹೊತ್ತೋರಿಗೇ ಗೊತ್ತು. ಇಷ್ಟು ಭಾರ ಅಂತ ನಾನೂ ಅಂದ್ಕೊಂಡಿರ್ಲಿಲ್ಲ."

ಅಮ್ಮ ಅಲ್ಲೇ, ಅವರ ಮೊಣಕೈಗೆ ತಾಗಿಕೊಂಡು ಕೂತಿದ್ದಳು. ನೋವು ಎನ್ನುವುದನ್ನೂ ಆಗಲೇ ನಿಲ್ಲಿಸಿದಳು ಎಂದು ಅಕ್ಕ ಹೇಳುತ್ತಾಳೆ. ಅಕ್ಕ ಎರಡು ಮೆಟ್ಟಿಲು ಕೆಳಗಿಳಿದು, ಬೆನ್ನು ತಿರುಗಿಸಿ ಕೂತು, ಅಮ್ಮನ ಕೈಗಳನ್ನು ತನ್ನ ಕೊರಳಿಗೆ ಹಾಕಿಕೊಂಡು ಎದ್ದಳು. ಕೆಳಗಿನವರೆಗೂ ಎಲ್ಲೂ ನಿಲ್ಲಲಿಲ್ಲ.

ಭಾವನಿಗೆ ಅಮ್ಮನ ತೂಕ ಗೊತ್ತಿರಲಿಲ್ಲವೇ? ಕಣ್ಣಲ್ಲೇ ತೂಗುವ ಮನುಷ್ಯ. ಫೋಟೊದಲ್ಲಿ ಹಿಡಿದಿದ್ದ ಆ ಎರಡು ಕಲ್ಲು, ಮೇಲೆ ಒಂದಿಷ್ಟು ಚಿಲ್ಲರೆ. ಅಷ್ಟೇ ನಮ್ಮಮ್ಮ.

ಆಸ್ಪತ್ರೆಯಿಂದ ಪಟ್ಟಿ ಹಾಕಿಸಿಕೊಂಡು ಬಂದ ಸಂಜೆ ಅಕ್ಕ ಒಂದೇ ಒಂದು ಮಾತು ಕೇಳಿದಳು. "ಆ ಮಾತು ಯಾಕಂದ್ರಿ?" ಭಾವ "ಯಾವ ಮಾತು?" ಎಂದರು. ಯಾವ ಮಾತೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಮೆಟ್ಟಿಲ ಮೇಲೆ ದಮ್ಮು ಕಟ್ಟಿದ್ದಕ್ಕೆ ಆದ ನಾಚಿಕೆ ಎರಡು ದಿನದಲ್ಲಿ ಹೋಗುವಂಥದ್ದು. ಈ ಮಾತಿನದು ಹೋಗಲಿಲ್ಲ. ಒಂದು ಸಲ ಅಮ್ಮನ ಮಂಚದ ಬಳಿ ಹೋಗಿ, "ಅತ್ತೆ, ಅವತ್ತು..." ಎಂದು ಶುರು ಮಾಡಿದರಂತೆ. ಅಮ್ಮ "ಅಯ್ಯೋ ಬಿಡಿ, ನಿಮಗೆಷ್ಟು ತೊಂದ್ರೆ ಕೊಟ್ಟೆ," ಎಂದು ಅವರ ಬಾಯನ್ನೇ ಕಟ್ಟಿಬಿಟ್ಟಳು. ಮುಂದೆ ಹೇಳಬೇಕಾದರೆ ಫೋಟೊದಿಂದ ಹಿಡಿದು ಎಲ್ಲವನ್ನೂ ಹೇಳಬೇಕು. ಭಾವ ಎದ್ದು ಬಂದರು.

ಆಮೇಲೆ ಅಮ್ಮ ಇಳಿಯತೊಡಗಿದಳು. ಮಧ್ಯಾಹ್ನ ಭಾವ ಬಡಿಸಿ ಕೊಡುತ್ತಿದ್ದ ತಟ್ಟೆಯಲ್ಲಿ ಅರ್ಧ ಹಾಗೇ ಉಳಿಯುತ್ತಿತ್ತು. "ಮಲಗಿರೋಳಿಗೆ ಹಸಿವೆಲ್ಲಿಂದ ಬರುತ್ತೆ?" ಎನ್ನುತ್ತಿದ್ದಳು. ರಾತ್ರಿ ಅಕ್ಕ ಬಡಿಸಲು ಬಂದರೆ, "ಮಧ್ಯಾಹ್ನದ್ದೇ ಜಾಸ್ತಿ ಆಯ್ತು ಕಣೆ, ಅಳಿಯಂದ್ರು ಬಲವಂತ ಮಾಡಿ ತಿನ್ಸಿದ್ರು," ಎನ್ನುತ್ತಿದ್ದಳು. ಭಾವ ಪಕ್ಕದಲ್ಲೇ ಕೂತು ಕೇಳುತ್ತಿದ್ದರು. ಸುಳ್ಳು ಎಂದು ಹೇಳಲಿಲ್ಲ. ಕೈಗಡಿಯಾರದ ಪಟ್ಟಿಯಲ್ಲಿ ಅಮ್ಮ ಹೊಸ ತೂತು ಮಾಡಿಸಿಕೊಂಡಾಗ ಮಾಡಿಕೊಟ್ಟವರೂ ಅವರೇ. ಎಷ್ಟು ಇಳಿದಿದ್ದಾಳೆಂದು ಕಣ್ಣು ಹೇಳುತ್ತಿತ್ತು. ವಯಸ್ಸು, ಪೆಟ್ಟು, ಔಷಧಿಯ ಕಹಿ ಎಂದು ತಮಗೆ ತಾವೇ ಹೇಳಿಕೊಂಡರು. ಬೇರೆ ಕಾರಣ ಇರಬಹುದೆಂಬ ಅನುಮಾನ ಬಂದಾಗಲೆಲ್ಲ ಎದ್ದು ಹೋಗಿ ಟೀವಿ ಹಾಕುತ್ತಿದ್ದರಂತೆ. ಇದನ್ನು ಅವರು ನನಗೆ ಹೇಳುವಾಗ ನಾನು ಅವರ ಮುಖ ನೋಡಲಿಲ್ಲ. ನೋಡಿದ್ದರೆ ಏನಾದರೂ ಅಂದುಬಿಡುತ್ತಿದ್ದೆ.

ವರ್ಷದ ಕೊನೆಯ ಭಾನುವಾರ ಎಲ್ಲರೂ ವೀಡಿಯೊಗೆ ಬಂದರು. ನಾನು ಗಂಟಲು ಸರಿಮಾಡಿಕೊಂಡು ಅಧ್ಯಕ್ಷತೆ ವಹಿಸಿದೆ. "ಹೇಳಿದ್ದೇನು, ಮಾಡಿದ್ದೇನು, ಒಬ್ಬೊಬ್ರೇ ಹೇಳಿ." ನನ್ನ ಗಂಡ ಶೂ ಕೊಂಡದ್ದನ್ನು ಒಪ್ಪಿಕೊಂಡು, ನಡೆದದ್ದರ ವಿಷಯ ಜಾರಿಸಿದರು. ಅಕ್ಕನಿಗೆ ಸ್ಟೂಲ್ ಇನ್ನೂ ಸಿಕ್ಕಿರಲಿಲ್ಲ. ಭಾವ ಅದೇ ಕೋಣೆಯ ಇನ್ನೊಂದು ಮೂಲೆಯಲ್ಲಿ, ಕುತ್ತಿಗೆಯವರೆಗಷ್ಟೇ ಕಾಣುವ ಹಾಗೆ ತಮ್ಮದೇ ಫೋನನ್ನು ನಿಲ್ಲಿಸಿಕೊಂಡಿದ್ದರು. ಆರು ಕಿಲೋ ಇಳಿದೆ, ಗುರಿಗೆ ಇನ್ನೂ ಸ್ವಲ್ಪ ಬಾಕಿ, ಬರುವ ವರ್ಷ ನೋಡೋಣ ಎಂದರು. ಆ "ಸ್ವಲ್ಪ ಬಾಕಿ" ಕೇಳಿ ನನಗೆ ಪೂರ್ತಿ ನಂಬಿಕೆ ಬಂತು. ಚಪ್ಪಾಳೆ ತಟ್ಟಿಸಿದೆ.

"ನಂದೂ ಕೇಳು," ಎಂದಳು ಅಮ್ಮ, ಅಕ್ಕನ ಭುಜದ ಹಿಂದಿನಿಂದ. ಊರುಗೋಲು ಹಿಡಿದು ಬಂದು ಮುಂದೆ ಕೂತಳು. "ನಾನು ಎಂಟು ಕಿಲೋ ಇಳ್ಸಿದೀನಿ. ಮಂಚದ ಕೆಳಗೆ ಅಳಿಯಂದ್ರ ಯಂತ್ರ ಇದೆಯಲ್ಲ, ಯಾರೂ ಇಲ್ದಾಗ ಎಳ್ಕೊಂಡು ಹತ್ತಿ ನೋಡ್ದೆ."

ನಾವು ಗೊಳ್ಳೆಂದು ನಕ್ಕೆವು. "ಅಮ್ಮಾ, ನಿಂಗ್ಯಾಕೆ ಇದು? ಸೌಂದರ್ಯ ಸ್ಪರ್ಧೆಗೆ ಹೋಗ್ತೀಯಾ?" ಎಂದವಳು ನಾನೇ.

"ಹಾಗಲ್ಲ ಕಣೆ," ಎಂದಳು ಅಮ್ಮ. ಅವಳೂ ನಗುತ್ತಿದ್ದಳು, ನಮ್ಮ ನಗು ಅವಳಿಗೆ ಮೆಚ್ಚುಗೆಯಂತೆ ಹಿತವಾಗಿತ್ತು. "ಅವತ್ತು ಮೆಟ್ಟಿಲ ಮೇಲೆ ಅಳಿಯಂದ್ರಿಗೆ ಉಸಿರೇ ನಿಂತೋಯ್ತು, ಪಾಪ. ದಿನಾ ಕಲ್ಲು ಎತ್ತೋ ಗಟ್ಟಿ ಆಳು ಅವ್ರು. ಅವ್ರಿಗೇ ಭಾರ ಆದೆ ಅಂದ್ರೆ ನಾನು ಎಷ್ಟಿದ್ದಿರ್ಬೇಡ ಹೇಳು. ಅದಕ್ಕೇ ಊಟ ಕಮ್ಮಿ ಮಾಡ್ದೆ. ಇನ್ನೊಂದ್ಸಲ ಬಿದ್ರೆ ಎತ್ತೋರಿಗೆ ಕಷ್ಟ ಆಗ್ಬಾರ್ದು."

ನಗು ನಿಂತಿತು. ಅಕ್ಕ ಅಮ್ಮನನ್ನು ನೋಡಲಿಲ್ಲ, ಗಂಡನನ್ನು ನೋಡಿದಳು. ಪರದೆಯ ಮೇಲೆ ಭಾವನ ಮುಖ ಕೆಂಪಾಗಿ, ಆಮೇಲೆ ಬಿಳುಚಿತು. ಕೈ ಹೆಗಲ ಹತ್ತಿರ ಹೋಗಿ ಅಲ್ಲೇ ಉಳಿಯಿತು. ಫೋನ್ ಆರಿಸಿಬಿಡುತ್ತಾರೆ ಅಂದುಕೊಂಡೆ. ಆರಿಸಿದ್ದರೆ ನಾನು ಜನ್ಮದಲ್ಲಿ ಅವರ ಜೊತೆ ಮಾತಾಡುತ್ತಿರಲಿಲ್ಲ.

"ಅತ್ತೆ," ಎಂದರು. "ನೀವು ಭಾರ ಇರ್ಲಿಲ್ಲ. ನನಗೆ ಗೊತ್ತಿತ್ತು. ನಾನು ಕಲ್ಲು ಎತ್ತಿದ್ದು ಮೊದ್ಲು ಒಂದು ವಾರ ಇರ್ಬೇಕು. ಆಮೇಲೆ ಮುಟ್ಟೇ ಇಲ್ಲ. ಹೇಳಿದ್ದೆಲ್ಲ ಸುಳ್ಳು, ಈಗ ಹೇಳಿದ್ದೂ ಸುಳ್ಳು. ಇಳಿದಿಲ್ಲ, ಏರಿದೀನಿ. ಅವತ್ತು ನನಗೆ ದಮ್ಮಿರ್ಲಿಲ್ಲ ಅಷ್ಟೆ. ಅವ್ರೆಲ್ಲ ನೋಡ್ತಿದ್ರು ಅಂತ... ನಿಮ್ಮ ಮೇಲೆ ಹಾಕ್ಬಿಟ್ಟೆ."

ಅಮ್ಮನಿಗೆ ಅರ್ಥವಾಗಲಿಲ್ಲವೇನೋ ಎಂದು ಅಕ್ಕ ಮತ್ತೆ ಹೇಳಲು ಹೊರಟಳು. ಅಮ್ಮ ಕೈಯೆತ್ತಿ ತಡೆದಳು. ಅವಳ ಮುಖದಲ್ಲಿ ಕೋಪ ಇರಲಿಲ್ಲ. ಇದ್ದಿದ್ದರೆ ಭಾವ ಹೇಗೋ ಬೈಸಿಕೊಂಡು ಬದುಕಿಕೊಳ್ಳುತ್ತಿದ್ದರು. ಅವಳು ನಿಜವಾಗಿಯೂ ತಿಳಿಯದೆ, ತಿಳಿದುಕೊಳ್ಳಲೆಂದೇ ಕೇಳಿದಳು:

"ಹಾಗಾದ್ರೆ ಅಳಿಯಂದ್ರೇ, ಇಷ್ಟು ದಿನ ನಾನು ಹಸ್ಕೊಂಡು ಮಲಗಿದ್ದು ಯಾಕೆ?"